ಅಂತರಜಾಲ ಮತ್ತು ಶಾಲೆಯ ಓದುಬರಹ

ಮಕ್ಕಳಿಗೆ ಓದಲು ಪಠ್ಯ ಒದಗಿಸಲು, ಅವರು ಬರೆದದ್ದಕ್ಕೆ ತರಗತಿಯ ಹೊರಗೂ ಓದುಗರನ್ನು ದೊರಕಿಸಲು, ಅಕ್ಷರ-ಪದಗಳ ಅಭ್ಯಾಸ ಮಾಡಿಸಲು ಶಾಲೆಗಳು ಅಂತರಜಾಲವನ್ನು ಬಳಸಿಕೊಳ್ಳುವ ಬಗೆ. ಇದು ಕಂಪ್ಯೂಟರ್ ಶಿಕ್ಷಣದಿಂದ ಬೇರೆ. ಅಲ್ಲಿ ಕಲಿಯಬೇಕಾದದ್ದು ಯಂತ್ರವನ್ನು, ಇಲ್ಲಿ ಭಾಷೆಯನ್ನು. ನಮ್ಮ ಶಾಲೆಗಳಲ್ಲಿ ಇವೆರಡೂ ಒಂದೇ ಕೋಣೆಯಲ್ಲಿ, ಒಂದೇ ಪಿರಿಯಡ್‌ನಲ್ಲಿ, ಬಹಳ ಸಲ ಒಬ್ಬರೇ ಮೇಷ್ಟ್ರ ಕೈಯಲ್ಲಿ ನಡೆಯುವುದರಿಂದ ಒಂದನ್ನು ಇನ್ನೊಂದೆಂದು ತಿಳಿಯುವುದು ಸಾಮಾನ್ಯ. ಈವರೆಗಿನ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಅಕ್ಷರ ಕಲಿಸುವುದರಲ್ಲಿ ಅಂತರಜಾಲದ ಪಾಲು ಸಣ್ಣದು. ಅಕ್ಷರ ಬಲ್ಲ ಮಗುವಿಗೆ ಓದುವುದಕ್ಕೂ ಬರೆಯುವುದಕ್ಕೂ ಒಂದು ಕಾರಣ ಒದಗಿಸಿದ್ದರಲ್ಲಿ ಅದರ ಪಾಲು ದೊಡ್ಡದು.

ಹಿನ್ನೆಲೆ

ಮಕ್ಕಳ ಬರಹವನ್ನು ಶಾಲೆಯಾಚೆ ಕಳಿಸುವ ಯೋಚನೆ ಅಂತರಜಾಲಕ್ಕಿಂತ ಬಹಳ ಹಳೆಯದು. 1920ರ ದಶಕದಲ್ಲಿ ದಕ್ಷಿಣ ಫ್ರಾನ್ಸಿನ ಬಾರ್-ಸುರ್-ಲೂ ಎಂಬ ಊರಿನ ಶಾಲಾ ಮೇಷ್ಟ್ರು ಸೆಲೆಸ್ತ್ಯಾಂ ಫ್ರೆನೆ ತಮ್ಮ ತರಗತಿಗೆ ಒಂದು ಪುಟ್ಟ ಅಚ್ಚಿನ ಯಂತ್ರ ತಂದರು. ಮಕ್ಕಳು ತಾವು ಕಂಡದ್ದನ್ನು ಬರೆದು, ಕೂಡಿ ತಿದ್ದಿ, ಮೊಳೆ ಜೋಡಿಸಿ ಅಚ್ಚು ಹಾಕಿದರು. ಆ ಹಾಳೆಗಳು ಅಂಚೆಯಲ್ಲಿ ದೇಶದ ಇನ್ನೊಂದು ಕೊನೆಯ ಬ್ರಿಟನಿಯ ಶಾಲೆಯೊಂದಕ್ಕೆ ಹೋದವು, ಅಲ್ಲಿಂದ ಉತ್ತರಗಳು ಬಂದವು. ತಾವು ಬರೆದದ್ದನ್ನು ಗುರುತಿಲ್ಲದ ಮಕ್ಕಳು ಓದುತ್ತಾರೆಂಬ ಅರಿವು ಮೇಷ್ಟ್ರ ಕೆಂಪು ಶಾಯಿಗಿಂತ ಚೆನ್ನಾಗಿ ಕಾಗುಣಿತ ತಿದ್ದಿಸುತ್ತದೆ ಎಂಬುದು ಫ್ರೆನೆ ಕಂಡುಕೊಂಡ ಸಂಗತಿ. ನಮ್ಮ ಶಾಲೆಗಳ ಗೋಡೆಪತ್ರಿಕೆ, ಕೈಬರಹ ಪತ್ರಿಕೆಗಳ ಹಿಂದಿನ ಆಸೆಯೂ ಇದೇ. ಅವುಗಳ ಓದುಗರು ಶಾಲೆಯ ಕಾಂಪೌಂಡ್ ದಾಟುತ್ತಿರಲಿಲ್ಲ ಅಷ್ಟೆ.

ಕಂಪ್ಯೂಟರುಗಳ ನಡುವೆ ಸಂದೇಶ ಕಳಿಸುವುದು ಸಾಧ್ಯವಾದ ಮೇಲೆ ಫ್ರೆನೆಯ ಅಂಚೆಗೆ ತಂತಿ ಸಿಕ್ಕಿತು. 1988ರಲ್ಲಿ ಮಾಸ್ಕೋ ಮತ್ತು ನ್ಯೂಯಾರ್ಕ್ ರಾಜ್ಯದ ಶಾಲೆಗಳ ನಡುವಿನ ವಿನಿಮಯವಾಗಿ ಮೊದಲಾದ ಐಅರ್ನ್, 1990ರಲ್ಲಿ ನಾರ್ವೆಯಲ್ಲಿ ಹುಟ್ಟಿದ ಕಿಡ್‌ಲಿಂಕ್ ಮುಂತಾದ ಜಾಲಗಳು ಮಕ್ಕಳನ್ನು ಇಮೇಲ್ ಮೂಲಕ ಪರಸ್ಪರ ಬರೆಯಲು ಹಚ್ಚಿದವು. ಭಾರತದಲ್ಲಿ ಜನಸಾಮಾನ್ಯರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಅದು ಹಳ್ಳಿಯ ಶಾಲೆ ಮುಟ್ಟಲು ಇನ್ನೂ ಬಹಳ ವರ್ಷ ಹಿಡಿಯಿತು.

ಓದಿನ ಸಾಮಗ್ರಿ

ಎಷ್ಟೋ ಸರ್ಕಾರಿ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಪಠ್ಯಪುಸ್ತಕ ಬಿಟ್ಟರೆ ಓದಲು ಸಿಗುವ ಕನ್ನಡ ಪುಸ್ತಕ ಕಡಿಮೆ. ಈ ಕೊರತೆಗೆ ಅಂತರಜಾಲ ಕೊಟ್ಟ ಉತ್ತರಗಳಲ್ಲಿ ಗಟ್ಟಿಯಾದದ್ದು ಸ್ಟೋರಿವೀವರ್. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರ ಸೆಪ್ಟೆಂಬರ್ 8ರ ಸಾಕ್ಷರತಾ ದಿನದಂದು ತೆರೆದ ಈ ಕಥಾಭಂಡಾರದಲ್ಲಿ ಇಂದು 300ಕ್ಕೂ ಹೆಚ್ಚು ಭಾಷೆಗಳ ಸಚಿತ್ರ ಕಥೆಗಳಿವೆ. ಕಥೆಗಳನ್ನು ಓದಿನ ಕಷ್ಟಕ್ಕೆ ತಕ್ಕಂತೆ ನಾಲ್ಕು ಹಂತಗಳಲ್ಲಿ ಇಟ್ಟಿದ್ದಾರೆ. ಅದಕ್ಕಿಂತ ಮುಖ್ಯವಾದದ್ದು ಅವುಗಳ ಮುಕ್ತ ಪರವಾನಗಿ. ಯಾರು ಬೇಕಾದರೂ ಕಥೆಯನ್ನು ಇಳಿಸಿಕೊಂಡು ಮುದ್ರಿಸಬಹುದು, ಅನುವಾದಿಸಬಹುದು, ಮಾತು ಬದಲಿಸಿ ಹೊಸ ಆವೃತ್ತಿ ಮಾಡಬಹುದು. ಕಲಬುರಗಿಯ ಶಿಕ್ಷಕಿಯೊಬ್ಬರು ಬೆಂಗಳೂರಿನ ಕನ್ನಡದಲ್ಲಿರುವ ಕಥೆಯನ್ನು ತಮ್ಮ ಸೀಮೆಯ ಮಾತಿಗೆ ತಿರುಗಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ. ಮನೆಮಾತು ಕನ್ನಡವಲ್ಲದ ಮಕ್ಕಳಿರುವ ತರಗತಿಗಳಿಗೆ ಈ ಸ್ವಾತಂತ್ರ್ಯ ಬಹಳ ದೊಡ್ಡದು. ಲಂಬಾಣಿ ತಾಂಡಾದಿಂದ, ತುಳು ಅಥವಾ ಉರ್ದು ಆಡುವ ಮನೆಯಿಂದ ಬಂದ ಮಗು ಶಾಲೆಯಲ್ಲಿ ಅಕ್ಷರವನ್ನೂ ಭಾಷೆಯನ್ನೂ ಒಟ್ಟಿಗೆ ಕಲಿಯಬೇಕಾಗುತ್ತದೆ. ಅಂಥ ಮಗುವಿಗೆ ಗೊತ್ತಿರುವ ಕಥೆಯೇ ಕನ್ನಡ ಲಿಪಿಯಲ್ಲಿ ಎದುರಾದರೆ ಅರ್ಧ ದಾರಿ ಕ್ರಮಿಸಿದಂತೆ.

ಕೇಂದ್ರ ಸರ್ಕಾರದ ದೀಕ್ಷಾ ವೇದಿಕೆ 2017ರ ಸೆಪ್ಟೆಂಬರ್ 5ರಂದು ಆರಂಭವಾಯಿತು. ಪಠ್ಯಪುಸ್ತಕದ ಪಾಠಗಳ ಪಕ್ಕದಲ್ಲಿ ಈಗ ಕಾಣುವ ಕ್ಯೂಆರ್ ಕೋಡ್‌ಗಳು ಅದರೊಳಕ್ಕೆ ಹೋಗುವ ಬಾಗಿಲುಗಳು. ಭಾಷೆಯ ಪಾಠಗಳ ಮಟ್ಟಿಗೆ ಇಲ್ಲಿ ಒಂದು ಆಕ್ಷೇಪ ಹೇಳಲೇಬೇಕು. ಬಾಗಿಲ ಹಿಂದೆ ಬಹುಪಾಲು ಸಿಗುವುದು ವಿಡಿಯೊ. ಗದ್ಯಪಾಠದ ಸಾರಾಂಶವನ್ನು ಯಾರೋ ಹೇಳುವುದನ್ನು ಕೇಳಿದ ಮಗು ಪಾಠ ತಿಳಿದುಕೊಂಡಿರಬಹುದು, ಓದಿರುವುದಿಲ್ಲ.

ಪ್ರೌಢಶಾಲೆಯ ಮಟ್ಟದಲ್ಲಿ ಸಾಮಗ್ರಿಯ ಚಿತ್ರ ಬೇರೆ. ಕರ್ನಾಟಕ ಜ್ಞಾನ ಆಯೋಗದ ಯೋಜನೆಯಾಗಿ ಮೊದಲಾದ ಕಣಜ ಜಾಲತಾಣ, 2003ರಲ್ಲಿ ಆರಂಭವಾಗಿ 30 ಸಾವಿರ ಲೇಖನಗಳನ್ನು ದಾಟಿರುವ ಕನ್ನಡ ವಿಕಿಪೀಡಿಯ, ಅಲರ್‌ನಂಥ ನಿಘಂಟು, ಇವೆಲ್ಲ ಕೈಗೆಟುಕುತ್ತವೆ. ವಚನ ಸಂಚಯ ಎಂಬ ತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳಿವೆ, ಪದ ಕೊಟ್ಟು ಹುಡುಕಬಹುದು. ಪಠ್ಯದಲ್ಲಿ ನಾಲ್ಕೈದು ವಚನ ಓದಿದ ಒಂಬತ್ತನೇ ತರಗತಿಯ ಹುಡುಗಿ ‘ಕಾಯ’ ಅಥವಾ ‘ದೀಪ’ ಎಂದು ಹುಡುಕಿದರೆ, ಅದೇ ಪದವನ್ನು ಬೇರೆ ಬೇರೆ ವಚನಕಾರರು ಹೇಗೆ ಹೇಗೆ ಹಿಡಿದಿದ್ದಾರೆಂಬುದು ಒಂದೇ ಪರದೆಯ ಮೇಲೆ ಸಿಗುತ್ತದೆ. ಹಿಂದೆ ಸಂಶೋಧಕರು ಚೀಟಿಗಳಲ್ಲಿ ಬರೆದುಕೊಂಡು ಮಾಡುತ್ತಿದ್ದ ಕೆಲಸ ಇದು. ಕನ್ನಡ ಮೇಷ್ಟ್ರುಗಳಲ್ಲಿ ಎಷ್ಟೋ ಜನ ಈ ತಾಣದ ಹೆಸರನ್ನೇ ಕೇಳಿಲ್ಲ.

ಗಟ್ಟಿಯಾಗಿ ಓದಿಸಿ ಕೇಳಿಸಿಕೊಳ್ಳುವ ಆ್ಯಪ್‌ಗಳೂ ಬಂದಿವೆ. 2019ರ ಮಾರ್ಚ್‌ನಲ್ಲಿ ಗೂಗಲ್ ಭಾರತದಲ್ಲಿ ಬಿಟ್ಟ ‘ಬೋಲೋ’ ಮೊದಲು ಹಿಂದಿ ಮತ್ತು ಇಂಗ್ಲಿಷಿನಲ್ಲಿತ್ತು. ಮುಂದೆ ಅದು ರೀಡ್ ಅಲಾಂಗ್ ಎಂಬ ಹೆಸರಿನಲ್ಲಿ ಬೇರೆ ಭಾಷೆಗಳಿಗೂ ಹಬ್ಬಿತು. ಮಗು ಓದುತ್ತ ತಡವರಿಸಿದರೆ ಪದವನ್ನು ಉಚ್ಚರಿಸಿ ತೋರಿಸುವುದು ಅದರ ಕೆಲಸ. ಒಬ್ಬೊಬ್ಬ ಮಗುವಿನ ಓದನ್ನು ದಿನವೂ ಕೇಳಿಸಿಕೊಳ್ಳುವುದು ಮೂವತ್ತು ಮಕ್ಕಳ ತರಗತಿಯಲ್ಲಿ ಯಾವ ಶಿಕ್ಷಕಿಗೂ ಸಾಧ್ಯವಿಲ್ಲವಾದ್ದರಿಂದ ಇದು ಸಣ್ಣ ಸಹಾಯವಲ್ಲ.

ಕನ್ನಡದ ಅಕ್ಷರ, ಕನ್ನಡದ ಕೀಲಿಮಣೆ

ಇಂಗ್ಲಿಷ್ ಮಕ್ಕಳಿಗಾಗಿ ರೂಪಿಸಿದ ಓದಿನ ತಂತ್ರಾಂಶಗಳನ್ನು ಕನ್ನಡಕ್ಕೆ ತಂದಾಗ ಮೊದಲು ಎಡವುವುದು ಲಿಪಿಯಲ್ಲಿ. ವರ್ಣಮಾಲೆಯ ಅಕ್ಷರಗಳು 49 ಇರಬಹುದು. ಆದರೆ 34 ವ್ಯಂಜನಗಳ ಕಾಗುಣಿತವನ್ನಷ್ಟೇ ಲೆಕ್ಕ ಹಾಕಿದರೂ ಮಗು ಗುರುತಿಸಬೇಕಾದ ರೂಪಗಳು ನಾನ್ನೂರು ಮೀರುತ್ತವೆ. ಒತ್ತಕ್ಷರಗಳು ಅದರ ಮೇಲೆ. ಕನ್ನಡ ಮಕ್ಕಳ ಓದಿನ ಬಗ್ಗೆ ಸಂಶೋಧನೆ ನಡೆಸಿದ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಅಕ್ಷರಗಳನ್ನು ಪೂರ್ತಿ ಕೈವಶ ಮಾಡಿಕೊಳ್ಳುವ ಕೆಲಸ ನಾಲ್ಕನೇ ತರಗತಿಯವರೆಗೂ ಮುಂದುವರಿಯುತ್ತದೆಂದು ತೋರಿಸಿತು. ಇಪ್ಪತ್ತಾರು ಅಕ್ಷರಗಳ ಆಟವನ್ನು ಚಿತ್ರ ಬದಲಿಸಿ ಕನ್ನಡಕ್ಕೆ ಒಗ್ಗಿಸಿದರೆ ಈ ಕೆಲಸ ಆಗುವುದಿಲ್ಲ.

ಕಂಪ್ಯೂಟರಿನಲ್ಲಿ ಬರೆಯುವುದರ ಮೂಲಕವೇ ಓದು ಕಲಿಸುವ ಪ್ರಯೋಗವೊಂದು ನಾರ್ವೆಯಲ್ಲಿ ನಡೆದಿದೆ. ಆರ್ನೆ ತ್ರಾಗೆತೊನ್ ಎಂಬ ಶಿಕ್ಷಣತಜ್ಞರು 1999ರಿಂದ ಒಂದನೇ ತರಗತಿಯ ಮಕ್ಕಳನ್ನು ಜೋಡಿಜೋಡಿಯಾಗಿ ಕಂಪ್ಯೂಟರ್ ಮುಂದೆ ಕೂರಿಸಿ, ಕೀಲಿ ಒತ್ತಿ ಕಥೆ ಕಟ್ಟಲು ಬಿಟ್ಟರು. ಪೆನ್ಸಿಲ್ ಹಿಡಿದು ಅಕ್ಷರ ತಿದ್ದುವುದನ್ನು ಎರಡನೇ ತರಗತಿಗೆ ಮುಂದೂಡಿದರು. ಈ ವಿಧಾನ ನೆರೆಯ ದೇಶಗಳಿಗೂ ಹರಡಿತು. ಕನ್ನಡದಲ್ಲಿ ಇದನ್ನು ಹಾಗೆಯೇ ಅನುಸರಿಸಲಾಗದು, ಏಕೆಂದರೆ ನಮ್ಮ ಕೀಲಿಮಣೆಯ ಮೇಲೆ ಅಚ್ಚಾಗಿರುವುದು ಇಂಗ್ಲಿಷ್.

ಕನ್ನಡವನ್ನು ಕೀಲಿಸುವ ಎರಡು ದಾರಿಗಳಿಗೂ ಶಾಲೆಯಲ್ಲಿ ಬೇರೆ ಬೇರೆ ಪರಿಣಾಮ. ಬರಹದಂಥ ತಂತ್ರಾಂಶಗಳು ಜನಪ್ರಿಯಗೊಳಿಸಿದ ಲಿಪ್ಯಂತರಣ ಪದ್ಧತಿಯಲ್ಲಿ ‘ಅಮ್ಮ’ ಎಂದು ಬರೆಯಲು ಎ, ಎಮ್, ಎಮ್, ಎ ಒತ್ತಬೇಕು. ಅಂದರೆ ಮಗು ಕನ್ನಡ ಪದವನ್ನು ಮನಸ್ಸಿನಲ್ಲೇ ಇಂಗ್ಲಿಷ್ ಕಾಗುಣಿತಕ್ಕೆ ತಿರುಗಿಸಿಕೊಳ್ಳಬೇಕು. ಕೆ.ಪಿ. ರಾವ್ ಅವರು ರೂಪಿಸಿದ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಬಳಕೆಯಾದ ವಿನ್ಯಾಸದಲ್ಲಿ ಅದೇ ಪದಕ್ಕೆ ಅ, ಮ, ಎಫ್ ಕೀಲಿ, ಮ. ಇಲ್ಲಿ ‘ಮ’ ಎಂದರೆ ಅಕಾರ ಸೇರಿದ ಇಡೀ ಅಕ್ಷರ. ಎಫ್ ಕೀಲಿ ಆ ಅಕಾರವನ್ನು ತೆಗೆದು ಮುಂದಿನ ವ್ಯಂಜನಕ್ಕೆ ಬೆಸೆಯುತ್ತದೆ. ವ್ಯಾಕರಣದ ಪಾಠದಲ್ಲಿ ಹೇಳುವ ಸಂಯುಕ್ತಾಕ್ಷರದ ಕಥೆ ಬೆರಳ ತುದಿಯಲ್ಲೇ ನಡೆಯುತ್ತದೆ. ‘ಸೂರ್ಯ’ದಂಥ ಪದದಲ್ಲಿ ಇದು ಇನ್ನೂ ಸೊಗಸು. ಕಾಗದದ ಮೇಲೆ ಮಗು ‘ಯ’ ಬರೆದು ಆಮೇಲೆ ಅರ್ಕಾವೊತ್ತು ಹಾಕುತ್ತದೆ, ಅದನ್ನು ಎಲ್ಲಿ ಹಾಕಬೇಕೆಂದು ಬಹಳ ಮಕ್ಕಳು ತಡವರಿಸುತ್ತಾರೆ. ಕೀಲಿಸುವಾಗ ಬಾಯಲ್ಲಿ ಬರುವ ಕ್ರಮದಲ್ಲೇ ಮೊದಲು ರ, ಎಫ್, ಬಳಿಕ ಯ. ಕಿವಿ ಕೇಳಿದ್ದಕ್ಕೂ ಕಣ್ಣು ಕಂಡದ್ದಕ್ಕೂ ಇರುವ ಸಂಬಂಧವನ್ನು ಇಷ್ಟು ನೇರವಾಗಿ ತೋರಿಸುವ ಸಾಧನ ಕಪ್ಪುಹಲಗೆಯಲ್ಲೂ ಇಲ್ಲ. ಆದರೂ ಸುಲಭವೆಂಬ ಒಂದೇ ಕಾರಣಕ್ಕೆ ಮೊಬೈಲಿನ ಲಿಪ್ಯಂತರಣವೇ ಶಾಲೆಗಳಲ್ಲಿ ಗೆದ್ದಿದೆ. ಇದು ನಷ್ಟವೆಂದೇ ಈ ಲೇಖಕನ ಅಭಿಪ್ರಾಯ.

ಹಳೆಯ ಅಕ್ಷರಶೈಲಿಗಳ ಕಾಟವನ್ನೂ ಇಲ್ಲಿ ನೆನೆಯಬೇಕು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ಕಚೇರಿಗಳೂ ಮುದ್ರಣಾಲಯಗಳೂ ಬಹುಕಾಲ ಹಳೆಯ ಸಂಕೇತದಲ್ಲೇ ಬರೆದವು. ಹಾಗೆ ಬರೆದ ಪಾಠ ಇನ್ನೊಂದು ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿತ್ತು, ಹುಡುಕಿದರೆ ಸಿಗುತ್ತಿರಲಿಲ್ಲ. 2017ರ ಆಗಸ್ಟ್‌ನಲ್ಲಿ ಗೂಗಲ್ ಕನ್ನಡಕ್ಕೂ ಧ್ವನಿ ಟೈಪಿಂಗ್ ತಂದ ಮೇಲೆ ಬೇರೆಯದೇ ತೊಡಕು ಹುಟ್ಟಿತು. ಈಗ ಮಗು ಕಾಗುಣಿತ ಗೊತ್ತಿಲ್ಲದೆಯೂ ಹೇಳಿ ಬರೆಸಬಲ್ಲದು. ದೃಷ್ಟಿದೋಷ ಅಥವಾ ಬರೆಯುವ ತೊಡಕು ಇರುವ ಮಕ್ಕಳಿಗೆ ಇದು ವರ. ಉಳಿದವರ ವಿಷಯದಲ್ಲಿ, ಯಾವ ತರಗತಿಯಿಂದ ಇದಕ್ಕೆ ಅವಕಾಶ ಕೊಡಬೇಕೆಂಬುದನ್ನು ಶಿಕ್ಷಕರು ತೀರ್ಮಾನಿಸಬೇಕಾಗಿದೆ.

ಬರಹಕ್ಕೆ ಓದುಗರು

ಫ್ರೆನೆಯ ಆಸೆಯನ್ನು ಭಾರತದಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಸಿ ತೋರಿಸಿದ್ದು ಕೇರಳ. ಅಲ್ಲಿನ ಐಟಿ ಅಟ್ ಸ್ಕೂಲ್ ಯೋಜನೆ 2001ರಲ್ಲಿ ಆರಂಭವಾಗಿ ಈಗ ಕೈಟ್ ಎಂಬ ಸಂಸ್ಥೆಯಾಗಿದೆ. 2009ರಲ್ಲಿ ಅದರಡಿ ಹುಟ್ಟಿದ ಸ್ಕೂಲ್ ವಿಕಿ ಸುಮಾರು 15 ಸಾವಿರ ಶಾಲೆಗಳನ್ನು ಒಳಗೊಂಡಿದೆ. ಪ್ರತಿ ಶಾಲೆಗೂ ಒಂದು ಪುಟ. ಅದರಲ್ಲಿ ಊರಿನ ಇತಿಹಾಸ, ಸ್ಥಳೀಯ ಪದಗಳು, ಶಾಲೆಯ ಪತ್ರಿಕೆ, ಮಕ್ಕಳ ಕಥೆ-ಕವಿತೆ. 2020ರ ಲಾಕ್‌ಡೌನ್‌ನಲ್ಲಿ ಮನೆಯಲ್ಲಿದ್ದ ಮಕ್ಕಳಿಂದ ಬರೆಸಿದ ‘ಅಕ್ಷರವೃಕ್ಷಂ’ ಯೋಜನೆಗೆ ಐವತ್ತು ಸಾವಿರಕ್ಕೂ ಹೆಚ್ಚು ಬರಹಗಳು ಬಂದವು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಈ ವ್ಯವಸ್ಥೆಯ ಒಳಗೇ ಇವೆ. ಗಡಿಯಾಚೆಯ ಈ ಕನ್ನಡ ಮಕ್ಕಳು ಕೆಲವು ಸಲ ಕರ್ನಾಟಕದ ಮಕ್ಕಳಿಗಿಂತ ಮೊದಲೇ ಪರದೆಯ ಮೇಲೆ ಕನ್ನಡ ಬರೆದಿರಬಹುದೆಂಬುದು ಸ್ವಲ್ಪ ಚುಚ್ಚುವ ಸಂಗತಿ.

ಕರ್ನಾಟಕದಲ್ಲಿ ಇದೇ ಬಗೆಯ ಕೆಲಸ ಮಕ್ಕಳಿಗಿಂತ ಶಿಕ್ಷಕರ ನಡುವೆ ಹೆಚ್ಚು ನಡೆಯಿತು. ರಾಜ್ಯದ ಶಿಕ್ಷಣ ಸಂಶೋಧನ ಮತ್ತು ತರಬೇತಿ ಇಲಾಖೆ ಹಾಗೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ 2013ರಲ್ಲಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ವಿಕಿ ಕಟ್ಟಿದವು. ಪ್ರೌಢಶಾಲಾ ಶಿಕ್ಷಕರು ಪಾಠಯೋಜನೆ, ಪ್ರಶ್ನೆಪತ್ರಿಕೆ, ಚಟುವಟಿಕೆಗಳನ್ನು ಕನ್ನಡದಲ್ಲೇ ಬರೆದು ಅಲ್ಲಿ ಹಾಕಿದರು. ಜಾಲದಲ್ಲಿ ತಾನೇ ಬರೆದು ತಿದ್ದಿಸಿಕೊಂಡ ಮೇಷ್ಟ್ರು ಮಕ್ಕಳ ಬರಹವನ್ನು ನೋಡುವ ಬಗೆ ಬೇರೆ. ಆ ಮಟ್ಟಿಗೆ ಇದು ವ್ಯರ್ಥವಾಗಲಿಲ್ಲ.

ಹಂಚಿಕೊಂಡ ಕಡತದಲ್ಲಿ ಇಬ್ಬರು ಕೂಡಿ ಬರೆಯುವುದು, ಅಂಚಿನಲ್ಲಿ ಟಿಪ್ಪಣಿ ಹಾಕುವುದು, ಹಿಂದಿನ ಕರಡುಗಳನ್ನು ತೆರೆದು ನೋಡುವುದು ನಗರದ ಶಾಲೆಗಳಲ್ಲಿ ಈಗ ಸಾಮಾನ್ಯ. ಕರಡು ಉಳಿಯುವುದೇ ಇದರ ದೊಡ್ಡ ಲಾಭ. ನೋಟುಬುಕ್ಕಿನಲ್ಲಿ ತಿದ್ದುವುದೆಂದರೆ ಇಡೀ ಪುಟ ಮತ್ತೆ ಬರೆಯುವ ಶಿಕ್ಷೆ. ಪರದೆಯ ಮೇಲೆ ಒಂದು ವಾಕ್ಯ ಎತ್ತಿ ಇನ್ನೊಂದು ಕಡೆ ಇಟ್ಟರೆ ಮುಗಿಯಿತು. 

ಪರದೆಯ ಓದು

ಅಂತರಜಾಲದಲ್ಲಿ ಓದುವುದು ಪುಸ್ತಕದ ಓದಿಗಿಂತ ಬೇರೆ ಬಗೆಯ ಕೌಶಲವೆಂದು ವಾದಿಸಿದವರಲ್ಲಿ ಅಮೆರಿಕದ ಡೊನಾಲ್ಡ್ ಲ್ಯೂ ಪ್ರಮುಖರು. ಮರದ ಮೇಲೆ ವಾಸಿಸುವ ಆಕ್ಟೋಪಸ್ ಬಗ್ಗೆ 1998ರಲ್ಲಿ ಯಾರೋ ತಮಾಷೆಗೆ ಕಟ್ಟಿದ ತಾಣವೊಂದನ್ನು ಲ್ಯೂ ಅವರ ಕನೆಕ್ಟಿಕಟ್ ತಂಡ ಏಳನೇ ತರಗತಿಯ 25 ಮಕ್ಕಳಿಗೆ ತೋರಿಸಿತು. ಅವರು ಚೆನ್ನಾಗಿ ಓದಬಲ್ಲ ಮಕ್ಕಳೇ. ಬಹುತೇಕ ಎಲ್ಲರೂ ಅದನ್ನು ನಂಬಿದರು. ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಂಗಡಿಗರು ಇತಿಹಾಸಕಾರರನ್ನೂ ವಿದ್ಯಾರ್ಥಿಗಳನ್ನೂ ವೃತ್ತಿಪರ ಸತ್ಯಪರಿಶೀಲಕರನ್ನೂ ಹೋಲಿಸಿದಾಗ ಕಂಡದ್ದು ಇನ್ನೂ ಕುತೂಹಲಕರ. ಪರಿಶೀಲಕರು ಪುಟವನ್ನು ಮೇಲಿಂದ ಕೆಳಗೆ ಓದುತ್ತ ಕೂರಲಿಲ್ಲ. ಬೇಗನೆ ಅದನ್ನು ಬಿಟ್ಟು, ಬೇರೆ ಪುಟಗಳಲ್ಲಿ ಈ ತಾಣದವರು ಯಾರೆಂದು ವಿಚಾರಿಸಿದರು. ಗಮನವಿಟ್ಟು ಕೊನೆಯವರೆಗೆ ಓದು ಎಂದೇ ನಾವು ಮಕ್ಕಳಿಗೆ ಹೇಳಿಕೊಟ್ಟಿದ್ದೇವೆ. ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಬಂದು ಬೀಳುವ ಕನ್ನಡ ಫಾರ್ವರ್ಡ್‌ಗಳನ್ನೇ ತರಗತಿಗೆ ತಂದು ಹೀಗೆ ಅಡ್ಡಕ್ಕೆ ಓದಿಸುವುದು ಯಾವ ಶಾಲೆಗೂ ಖರ್ಚಿಲ್ಲದ ಪಾಠ.

ಹಾಗಾದರೆ ದೀರ್ಘ ಓದು? 2000ದಿಂದ 2017ರವರೆಗಿನ 54 ಅಧ್ಯಯನಗಳನ್ನು, ಅಂದರೆ 1 ಲಕ್ಷ 70 ಸಾವಿರಕ್ಕೂ ಹೆಚ್ಚು ಓದುಗರ ಫಲಿತಾಂಶವನ್ನು, ಪಾಬ್ಲೊ ಡೆಲ್ಗಾಡೊ ಮತ್ತು ಸಹೋದ್ಯೋಗಿಗಳು 2018ರಲ್ಲಿ ಒಟ್ಟುಗೂಡಿಸಿದರು. ಮಾಹಿತಿಯ ಪಠ್ಯವನ್ನು ಕಾಗದದ ಮೇಲೆ ಓದಿದವರಿಗೆ ಹೆಚ್ಚು ಅರ್ಥವಾಗಿತ್ತು. ಸಮಯದ ಒತ್ತಡವಿದ್ದಾಗ ಅಂತರ ಇನ್ನೂ ಹೆಚ್ಚು. ಕಥೆಯ ಓದಿನಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಮಕ್ಕಳಿಗೆ ಪರದೆಯ ಮೇಲೆ ಕಥೆ, ಕಾಗದದ ಮೇಲೆ ಪಾಠ ಎಂಬ ಹಂಚಿಕೆಗೆ ಇದು ಒಂದು ಆಧಾರ. ಸ್ವೀಡನ್ 2023ರಲ್ಲಿ ಮುದ್ರಿತ ಪಠ್ಯಪುಸ್ತಕಗಳ ಕಡೆಗೆ ಮರಳಿ ಹಣ ಹಾಕಿದ್ದಕ್ಕೂ ಇಂಥ ಚರ್ಚೆಯೇ ಹಿನ್ನೆಲೆ. ಬರೀ ಯಂತ್ರ ಹಂಚುವುದರಿಂದ ಓದು ಬೆಳೆಯದೆಂಬುದಕ್ಕೆ ಪೆರು ದೇಶ ಸಾಕ್ಷಿ. ಮಗುವಿಗೊಂದು ಲ್ಯಾಪ್‌ಟಾಪ್ ಯೋಜನೆಯ ಫಲವನ್ನು ಅಳೆಯಲು ಅಲ್ಲಿನ 319 ಗ್ರಾಮೀಣ ಶಾಲೆಗಳಲ್ಲಿ ನಡೆದ ಅಧ್ಯಯನ 2012ರಲ್ಲಿ ಹೊರಬಂದಾಗ, ಭಾಷೆಯಲ್ಲಾಗಲಿ ಗಣಿತದಲ್ಲಾಗಲಿ ಅಂಕಗಳು ಏರಿದ ಪುರಾವೆ ಇರಲಿಲ್ಲ.

ಕರ್ನಾಟಕದ ಅನುಭವ

2001ರ ಸುಮಾರಿಗೆ ರಾಜ್ಯದ ಒಂದು ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಮಾಹಿತಿ ಸಿಂಧು ಯೋಜನೆಯಲ್ಲಿ ಕಂಪ್ಯೂಟರ್ ಬಂದವು. ಕಲಿಸಲು ಖಾಸಗಿ ಕಂಪನಿಗಳ ಬೋಧಕರು ಬಂದರು. ಭಾಷಾ ಶಿಕ್ಷಕರು ಆ ಕೋಣೆಯ ಹೊರಗೇ ಉಳಿದರು, ಗುತ್ತಿಗೆ ಮುಗಿದಾಗ ಬೋಧಕರೂ ಹೋದರು. ಅದೇ ವರ್ಷಗಳಲ್ಲಿ ಕೇರಳ ತನ್ನ ಶಿಕ್ಷಕರಿಗೇ ತರಬೇತಿ ಕೊಟ್ಟಿತು. ಈ ಪಾಠ ಕಲಿತು 2016-17ರ ಹೊತ್ತಿಗೆ ಕರ್ನಾಟಕ ರೂಪಿಸಿದ ತಂತ್ರಜ್ಞಾನಾಧಾರಿತ ಕಲಿಕಾ ಕಾರ್ಯಕ್ರಮ ಶಾಲಾ ಶಿಕ್ಷಕರನ್ನೇ ಗುರಿಯಾಗಿಸಿಕೊಂಡಿತು.

ಕೋವಿಡ್ ಕಾಲದಲ್ಲಿ ನಡೆದದ್ದು ಯಾರೂ ಬಯಸಿ ಮಾಡಿದ ಪ್ರಯೋಗವಲ್ಲ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಜೂನ್‌ನಲ್ಲಿ ಸರ್ಕಾರ ಚಿಕ್ಕ ಮಕ್ಕಳಿಗೆ ಆನ್‌ಲೈನ್ ತರಗತಿಯನ್ನೇ ನಿಷೇಧಿಸಿತು, ಜುಲೈಯಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಫೋನ್ ಇಲ್ಲದ ಮಕ್ಕಳಿಗಾಗಿ ಆಗಸ್ಟ್‌ನಿಂದ ವಿದ್ಯಾಗಮ ಬಂತು. ಮೇಷ್ಟ್ರುಗಳೇ ದೇವಸ್ಥಾನದ ಜಗಲಿ, ಸಮುದಾಯ ಭವನ, ಮರದ ನೆರಳಿಗೆ ಹೋಗಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತು, 2021ರ ಜನವರಿಯಲ್ಲಿ ಮತ್ತೆ ಶುರುವಾಯಿತು. ಗ್ರಾಮೀಣ ಕರ್ನಾಟಕದಲ್ಲಿ 2021ರಲ್ಲಿ ನಡೆದ, ಮಕ್ಕಳ ಕಲಿಕೆಯ ಮಟ್ಟ ಅಳೆಯುವ ಅಸರ್ ಸಮೀಕ್ಷೆ ಆ ವರ್ಷದ ಬೆಲೆಯನ್ನು ಹೇಳಿತು. 2018ರಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲ ಮೂರನೇ ತರಗತಿಯ ಮಕ್ಕಳು ನೂರಕ್ಕೆ ಸುಮಾರು 19 ಮಂದಿ ಇದ್ದರು. 2021ರಲ್ಲಿ ಸುಮಾರು 10. ಅಕ್ಷರ ಕಲಿಯುವ ವಯಸ್ಸಿನ ಮಕ್ಕಳಿಗೆ ಫೋನಿನ ಪಾಠ ಮುಟ್ಟಿರಲಿಲ್ಲ. ದೇಶದ ಮಟ್ಟದಲ್ಲಿ ಇದೇ ಅಂಕಿ 2018ರ 27.3ರಿಂದ 2022ರಲ್ಲಿ 20.5ಕ್ಕೆ ಇಳಿದು, ಶಾಲೆ ತೆರೆದ ಮೇಲೆ 2024ರಲ್ಲಿ 27ರ ಆಸುಪಾಸಿಗೆ ಮರಳಿತು.

ಸೌಕರ್ಯದ ಲೆಕ್ಕ ಈಗ ಬದಲಾಗುತ್ತಿದೆ. ಶಾಲೆಗಳ ಅಂಕಿಅಂಶ ಕಲೆಹಾಕುವ ಸರ್ಕಾರಿ ವ್ಯವಸ್ಥೆಯಾದ ಯುಡೈಸ್‌ನ 2023-24ರ ವರದಿ ಪ್ರಕಾರ ದೇಶದ ಶೇ 53.9ರಷ್ಟು ಶಾಲೆಗಳಲ್ಲಿ ಅಂತರಜಾಲವಿತ್ತು. 2024ರ ಅಸರ್ ಪ್ರಕಾರ 14ರಿಂದ 16 ವಯಸ್ಸಿನ ಗ್ರಾಮೀಣ ಮಕ್ಕಳಲ್ಲಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಹಿಂದಿನ ವಾರ ಓದಿನ ಕೆಲಸಕ್ಕೆ ಅದನ್ನು ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಶೇ 76. ಶಾಲೆಯ ಹೊರಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳೂ ಇವೆ. 2020ರ ನವೆಂಬರ್‌ನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ ಮಕ್ಕಳನ್ನು ಅಲ್ಲಿಗೆ ಕರೆತಂದಿತು, ಈಗ ಅರಿವು ಕೇಂದ್ರಗಳೆಂಬ ಹೆಸರಿನಲ್ಲಿ ಅವುಗಳಲ್ಲಿ ಕಪಾಟಿನ ಪಕ್ಕದಲ್ಲೇ ಕಂಪ್ಯೂಟರ್ ಇಡಲಾಗುತ್ತಿದೆ.

ಹೊಸ ತೊಡಕುಗಳು

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಹೊರಬಂದ ಮೇಲೆ ಮನೆಯಲ್ಲಿ ಬರೆದು ತರುವ ಪ್ರಬಂಧದ ಅರ್ಥವೇ ಅಲುಗಾಡಿತು. ಯುನೆಸ್ಕೊ 2023ರ ಸೆಪ್ಟೆಂಬರ್‌ನಲ್ಲಿ ನೀಡಿದ ಮಾರ್ಗಸೂಚಿ ತರಗತಿಯಲ್ಲಿ ಇಂಥ ಸಾಧನಗಳ ಬಳಕೆಗೆ 13ನ್ನು ಕನಿಷ್ಠ ವಯಸ್ಸಾಗಿ ಸೂಚಿಸಿತು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಮಕ್ಕಳ ಬರಹವನ್ನು ಹೆಸರು, ಊರು, ಫೋಟೊ ಸಮೇತ ಜಾಲಕ್ಕೆ ಹಾಕುವ ಶಾಲೆಗಳು ಇದನ್ನು ಗಮನಿಸಬೇಕು.

ಪರೀಕ್ಷೆಯ ಕೋಣೆಗೆ ಇದಾವುದೂ ಇನ್ನೂ ಬಂದಿಲ್ಲ. ಎಸ್ಸೆಸ್ಸೆಲ್ಸಿಯ ಕನ್ನಡ ಪತ್ರಿಕೆಯಲ್ಲಿ ಪತ್ರಲೇಖನವನ್ನೂ ಪ್ರಬಂಧವನ್ನೂ ವಿದ್ಯಾರ್ಥಿಗಳು ಇಂದಿಗೂ ಪೆನ್ನಿನಲ್ಲೇ ಬರೆಯುತ್ತಾರೆ. ಹತ್ತನೇ ತರಗತಿಗೆ ಬರುವ ಹೊತ್ತಿಗೆ ಎಷ್ಟೋ ಶಾಲೆಗಳ ಕಂಪ್ಯೂಟರ್ ಪಿರಿಯಡ್ ಪರೀಕ್ಷೆಯ ವಿಶೇಷ ತರಗತಿಯ ಪಾಲಾಗಿರುತ್ತದೆ.